ಎರಡು ನುಡಿಗಳ ನಟಿ

ಬೆಳಗಾವಿ, ಖಾನಾಪುರಗಳಲ್ಲಿ ಮನೆಯ ಮಾತು ಒಂದಾದರೆ ಪೇಟೆಯ ಮಾತು ಇನ್ನೊಂದಾಗಿರುವುದು ಹೊಸತಲ್ಲ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಧಾರವಾಡ, ಹುಬ್ಬಳ್ಳಿಗಳೂ ಅದರಲ್ಲಿಯೇ ಇದ್ದವು. ಈ ಭಾಗದ ಕಲಾವಿದರಿಗೆ ಕೊಲ್ಹಾಪುರ, ಪುಣೆಗಳೇ ಬೆಂಗಳೂರಿಗಿಂತ ಹತ್ತಿರದ ಊರುಗಳು. ಆ ದಾರಿ ಹಿಡಿದವರಲ್ಲಿ ಶಾಂತಾ ಹುಬಳೀಕರ ಒಬ್ಬರು. ಅವರು 1914ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಜನಿಸಿದರು.

1939ರಲ್ಲಿ ಪುಣೆಯ ಪ್ರಭಾತ ಸಂಸ್ಥೆಯಲ್ಲಿ ವಿ. ಶಾಂತಾರಾಮರು ‘ಮಾಣೂಸ್’ ಚಿತ್ರವನ್ನು ನಿರ್ದೇಶಿಸಿದರು. ಹಿಂದಿಯಲ್ಲಿ ಅದು ‘ಆದ್ಮಿ’. ಪ್ರೇಮಭಂಗದಿಂದ ಕುಡಿದು ಸಾಯುವ ದೇವದಾಸನ ಕಥೆಗೆ ಕೊಟ್ಟ ಉತ್ತರವೆಂದೇ ಈ ಚಿತ್ರ ಹೆಸರಾಯಿತು. ಪೊಲೀಸ ಪೇದೆ ಗಣಪತನಾಗಿ ಶಾಹೂ ಮೋಡಕ, ವೇಶ್ಯೆ ಮೈನಾ ಆಗಿ ಶಾಂತಾಬಾಯಿ ನಟಿಸಿದರು.

ಹದಿನೆಂಟು ವರ್ಷಗಳ ತರುವಾಯ, 1957ರಲ್ಲಿ, ಇಟಲಿಯ ಫೆಲಿನಿಯ ‘ಕಬೀರಿಯಾಳ ರಾತ್ರಿಗಳು’ ಚಿತ್ರದಲ್ಲಿ ಜೂಲಿಯೆಟ್ಟಾ ಮಸೀನಾ ಇಂಥದೇ ಪಾತ್ರ ಮಾಡಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟಿಯೆನಿಸಿದಳು. ಕಬೀರಿಯಾಳಿಗೆ ಪ್ರಿಯಕರನೇ ಮೋಸ ಮಾಡುತ್ತಾನೆ. ಮೈನಾಳ ಸಂಕಟ ಬೇರೆ ಬಗೆಯದು. ಅವಳ ಗಣಪತ ಪ್ರಾಮಾಣಿಕ. ಅವಳನ್ನು ತನ್ನ ತಾಯಿಯ ಬಳಿಗೂ ಕರೆದೊಯ್ಯುತ್ತಾನೆ. ಆದರೆ ಆ ದೈವಭಕ್ತೆಯ ಮನೆಗೆ ತಾನು ತಕ್ಕವಳಲ್ಲವೆಂದು ಮೈನಾ ಹಿಂದೆ ಸರಿಯುತ್ತಾಳೆ. ಸಮಾಜದ ತೀರ್ಪನ್ನು ಯಾರೂ ನುಡಿಯಬೇಕಾಗಿಲ್ಲ. ಅದು ಅವಳ ಮನಸ್ಸಿನೊಳಗೇ ಮನೆಮಾಡಿದೆ. ಮುಂದೆ ಸೆರೆಯಾದಾಗಲೂ ಗಣಪತನ ನೆರವಿನಿಂದ ಪಾರಾಗಲು ಅವಳು ಒಪ್ಪುವುದಿಲ್ಲ. ನಾಳೆಯ ಚಿಂತೆಯೇಕೆಂದು ಹಲವು ಭಾಷೆಗಳಲ್ಲಿ ನಗುತ್ತ ಹಾಡಿದವಳು ಇವಳೇ. ಆ ನಗೆಯನ್ನೂ ಈ ಮೌನವನ್ನೂ ಒಬ್ಬಳೇ ಹೆಣ್ಣಿನಲ್ಲಿ ನಂಬಿಸಿದ್ದು ಶಾಂತಾಬಾಯಿಯವರ ಹಿರಿಮೆ.

ಅವರು ಕನ್ನಡಕ್ಕೂ ಬಂದರು. 1942ರ ‘ಜೀವನ ನಾಟಕ’ದಲ್ಲಿ ಗುಬ್ಬಿ ವೀರಣ್ಣ, ಕೆಂಪರಾಜ ಅರಸರೊಂದಿಗೆ ನಟಿಸಿದರು. ಆದರೂ ಕನ್ನಡದ ನೆನಪಿನಲ್ಲಿ ಅವರಿಗೆ ದೊರೆತ ಎಡೆ ಕಿರಿದು. ಮರಾಠಿಯಲ್ಲಾದರೋ ಮೈನಾಳ ಹಾಡು ಮನೆಮಾತಾಯಿತು. ಆ ಹಾಡಿನ ಮಾತನ್ನೇ ಹೆಸರಾಗಿಟ್ಟುಕೊಂಡು ಅವರ ಮರಾಠಿ ಆತ್ಮಕಥೆ 1990ರಲ್ಲಿ ಪ್ರಕಟವಾಯಿತು. 1992ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಈ ನಟಿ ಯಾರವರು? 1956ರಲ್ಲಿ ಗಡಿ ಎಳೆದಾಗ ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು, ಖಾನಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಊರುಗಳನ್ನು ಹೀಗೆ ಹಂಚಬಹುದು, ಮೈನಾಳನ್ನು ಹಂಚಲಾಗದು. ಕನ್ನಡದ ಮಣ್ಣಿನಲ್ಲಿ ಹುಟ್ಟಿ ಮರಾಠಿಯಲ್ಲಿ ಬೆಳಗಿದ ಈ ಬಾಳನ್ನು ಪೂರ್ತಿಯಾಗಿ ಓದಬಲ್ಲವರು ಎರಡೂ ನುಡಿಗಳನ್ನು ಬಲ್ಲ ಈ ಸೀಮೆಯ ಜನ. ಆ ಓದು ಅವರಿಂದಲೇ ಮೊದಲಾಗಬೇಕು.