ಬೆಟ್ಟ ನೀರನ್ನು ಮುಟ್ಟಿದಲ್ಲಿ: ವಿಜಯವಾಡ, ವಿಶಾಖಪಟ್ಟಣ

ಪೂರ್ವ ಘಟ್ಟಗಳು ಪಶ್ಚಿಮ ಘಟ್ಟಗಳಂತೆ ಒಂದೇ ಗೋಡೆಯಾಗಿ ನಿಂತಿಲ್ಲ. ಮಹಾನದಿ, ಗೋದಾವರಿ, ಕೃಷ್ಣಾ, ಪೆನ್ನಾರ್ ನದಿಗಳು ಅವನ್ನು ಅಲ್ಲಲ್ಲಿ ಸೀಳಿ ಬಂಗಾಳ ಕೊಲ್ಲಿಗೆ ದಾರಿ ಮಾಡಿಕೊಂಡಿವೆ. ಈ ತುಂಡು ಸಾಲಿನಿಂದಲೇ ಆಂಧ್ರದ ಎರಡು ದೊಡ್ಡ ನಗರಗಳು ಬೆಳೆದವು: ಬೆಟ್ಟಗಳ ಸಂದಿನಲ್ಲಿ ಕೃಷ್ಣೆ ಹೊರಬೀಳುವಲ್ಲಿ ವಿಜಯವಾಡ, ಬೆಟ್ಟವೇ ಕಡಲಿಗೆ ಚಾಚಿದಲ್ಲಿ ವಿಶಾಖಪಟ್ಟಣ.

ಮಹಾಬಲೇಶ್ವರದಲ್ಲಿ ಹುಟ್ಟಿ, ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬರುವ ಕೃಷ್ಣೆ ವಿಜಯವಾಡದಲ್ಲಿ ಇಂದ್ರಕೀಲಾದ್ರಿಗೂ ಸೀತಾನಗರದ ಗುಡ್ಡಕ್ಕೂ ನಡುವೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚಿನ ಅಗಲಕ್ಕೆ ಕುಗ್ಗುತ್ತಾಳೆ. ಮುಂದೆಲ್ಲ ಮುಖಜ ಭೂಮಿ. ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ಗುಡಿಯಿದೆ. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇಲ್ಲೇ ಎಂದು ಭಕ್ತರು ನಂಬುತ್ತಾರೆ. 7ನೇ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿ ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ಈ ವೆಂಗಿ ನಾಡಿಗೆ ಕಳಿಸಿದ. ಪೂರ್ವ ಚಾಲುಕ್ಯರ ಆಳ್ವಿಕೆ ಹಾಗೆ ಶುರುವಾಯಿತು. ಆದಿಕವಿ ಪಂಪನ ಪೂರ್ವಿಕರ ಊರೂ ವೆಂಗಿಯಲ್ಲೇ ಇತ್ತು.

ನದಿ ಎಷ್ಟೇ ದೊಡ್ಡದಾದರೂ ನೀರು ಹೊಲಕ್ಕೆ ಹತ್ತುತ್ತಿರಲಿಲ್ಲ. 1833ರ ಗುಂಟೂರು ಬರದಲ್ಲಿ ಜನ ಲಕ್ಷಗಟ್ಟಲೆ ಸತ್ತರು. ಆ ಸಾವುಗಳ ಬಳಿಕವೂ ಸರ್ಕಾರ ಎಚ್ಚರಗೊಳ್ಳಲು ಎರಡು ದಶಕ ಬೇಕಾಯಿತೆಂಬುದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ. ಎಂಜಿನಿಯರ್ ಆರ್ಥರ್ ಕಾಟನ್ ಒತ್ತಾಯದಿಂದ 1852ರಲ್ಲಿ ಆರಂಭವಾದ ಆಣೆಕಟ್ಟು, ಕ್ಯಾಪ್ಟನ್ ಆರ್ ಉಸ್ತುವಾರಿಯಲ್ಲಿ 1855ಕ್ಕೆ ಮುಗಿಯಿತು. ಇಕ್ಕಟ್ಟಾದ ಆ ಸಂದಿಯೇ ಅದಕ್ಕೆ ತಕ್ಕ ಜಾಗ. 1893ರಲ್ಲಿ ರೈಲು ಸೇತುವೆಯೂ ಬಂದು, ಬೆಜವಾಡ ಎನಿಸಿಕೊಂಡಿದ್ದ ಊರು ದೊಡ್ಡ ಜಂಕ್ಷನ್ ಆಯಿತು. 1952ರಲ್ಲಿ ಆಣೆಕಟ್ಟು ಒಡೆಯಿತು. ಬದಲಿಗೆ ಕಟ್ಟಿದ, ಮೇಲೆ ರಸ್ತೆಯಿರುವ ಬ್ಯಾರೇಜು 1957ರಲ್ಲಿ ಸಿದ್ಧವಾಯಿತು. ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಹೆಸರು ಅದಕ್ಕಿದೆ.

ಎರಡೂ ಊರುಗಳನ್ನು ಬೆಸೆಯುವ ಹಳೆಯ ಹೆಜ್ಜೆ ಕೃಷ್ಣದೇವರಾಯನದು. ಕಳಿಂಗದ ದಂಡಯಾತ್ರೆಯಲ್ಲಿ ವಿಜಯವಾಡದಲ್ಲಿ ಕೆಲವು ದಿನ ತಂಗಿದ್ದನ್ನು ಅವನು ತನ್ನ ‘ಆಮುಕ್ತಮಾಲ್ಯದ’ ಕಾವ್ಯದ ಪೀಠಿಕೆಯಲ್ಲಿ ಹೇಳಿದ್ದಾನೆ. 1516ರಲ್ಲಿ ವಿಶಾಖಪಟ್ಟಣದ ಬಳಿಯ ಸಿಂಹಾಚಲಕ್ಕೆ ಬಂದು, ವರಾಹ ನರಸಿಂಹನಿಗೆ 991 ಮುತ್ತುಗಳ ಹಾರ ಅರ್ಪಿಸಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ.

ವಿಶಾಖಪಟ್ಟಣದ ಗುರುತು ಡಾಲ್ಫಿನ್ಸ್ ನೋಸ್ ಎಂಬ ಕಡಲಿಗಿಳಿದ ಗುಡ್ಡ. ಅದರ ಮರೆಯಲ್ಲಿ ಹಿನ್ನೀರಿದ್ದರೂ ಹಡಗುಗಳು ಒಳಬರಲಾಗದೆ ದೂರದಲ್ಲೇ ಲಂಗರು ಹಾಕುತ್ತಿದ್ದವು. ಮುಂಗಾರಿನ ಅಲೆಗಳು ದಕ್ಷಿಣದಿಂದ ಮರಳು ತಂದು ಅಳಿವೆಯನ್ನು ಮುಚ್ಚುತ್ತಿದ್ದುದೇ ಕಾರಣ. ಎಂಜಿನಿಯರುಗಳು ಜೇನಸ್, ವೆಲೆಡ್‌ಸನ್ ಎಂಬ ಎರಡು ಹಳೆಯ ಹಡಗುಗಳನ್ನು ಗುಡ್ಡದ ಬಳಿ ಮುಳುಗಿಸಿ ಅಲೆತಡೆ ಮಾಡಿದರು; ಕಾಲುವೆಯನ್ನು ಆಳವಾಗಿ ತೋಡಿದರು. ಬಂದರು 1933ರಲ್ಲಿ ತೆರೆಯಿತು. ಇಲ್ಲಿನ ಹಡಗುಕಟ್ಟೆಯಲ್ಲಿ ಕಟ್ಟಿದ ‘ಜಲ ಉಷಾ’ವನ್ನು 1948ರಲ್ಲಿ ನೆಹರೂ ನೀರಿಗಿಳಿಸಿದರು. 1960ರ ದಶಕದಲ್ಲಿ ಹಾಕಿದ ಕೊತ್ತವಲಸ–ಕಿರಂದೂಲ್ ರೈಲುಮಾರ್ಗ ಬೊರ್ರಾ ಗುಹೆ, ಅರಕು ಕಣಿವೆಗಳನ್ನು ಹಾಯ್ದು, ಸುರಂಗಗಳ ಮೂಲಕ ಘಟ್ಟ ಇಳಿದು, ಬೈಲಾಡಿಲದ ಕಬ್ಬಿಣದ ಅದಿರನ್ನು ಜಪಾನಿಗೆ ಹೊರಟ ಹಡಗುಗಳಿಗೆ ತಲುಪಿಸಿತು.