ಉತಾರದಾಗಿನ ಶಬ್ದಗಳು ನಮ್ಮ ಹೊಲ ಹೆಂಗ ತಿಂದ್ವು

ಪೋಸ್ಟ್ ಉದ್ದ ಐತಿ, ಪುರುಸೊತ್ತಿದ್ದಾಗ ಓದ್ರಿ. ಮನ್ಯಾಗ ಹಳೇ ಉತಾರ ಇದ್ದವರು ಅದನ್ನ ಮುಂದ ಇಟಗೊಂಡು ಓದಿದ್ರ ಇನ್ನೂ ಚಲೋ.

ಹೋದ ತಿಂಗಳು ಸವದತ್ತಿ ತಾಲೂಕಿನ, ಮಲಪ್ರಭಾ ದಂಡಿಯ ಒಂದೂರಿನಿಂದ ಹಿರಿಯರೊಬ್ಬರು ಬಂದಿದ್ದರು. ಕೈಯಾಗ ಪ್ಲಾಸ್ಟಿಕ್ ಚೀಲ, ಅದರಾಗ ಮಡಿಚಿ ಮಡಿಚಿ ಗೆರೆ ಹರಿದ ಕಾಗದ. "ತಮ್ಮಾ, ಎಸ್ಸಿ ಮಂದಿ ಮಾರಿದ ಹೊಲ ಪಿಟಿಸಿಎಲ್ ಕಾಯ್ದೇದಾಗ ವಾಪಸ್ ಬರತೈತಿ ಅಂತ ಜಯಂತಿ ಭಾಷಣದಾಗ ನೀನ ಹೇಳಿದ್ದಿ. ನಂದು ನೋಡು" ಅಂದರು. ಒಟ್ಟು 3 ಎಕರೆ 20 ಗುಂಟೆ. ಅದರಾಗ 14 ಗುಂಟೆ ಖರಾಬು. ಉಳಿದ 3 ಎಕರೆ 6 ಗುಂಟೆಯನ್ನು ಅವರ ಅಪ್ಪ 1971ರಲ್ಲಿ, ಮಗಳ ಲಗ್ನದ ಸಾಲಕ್ಕೆ, ಬದುವಿನ ಆಚೆಯ ಹೊಲದವರಿಗೆ ಖರೀದಿ ಬರೆದುಕೊಟ್ಟಿದ್ದಾರೆ. ನಾನು ಖುಷಿಯಿಂದಲೇ ಕಾಗದ ಬಿಚ್ಚಿದೆ. ಹಳೇ ಉತಾರದ ಮೂಲೆಯಲ್ಲಿ ಒಂದು ಶಬ್ದ ಇತ್ತು: ವತನ. ನನ್ನ ಭಾಷಣ ಅಲ್ಲೇ ಸುಳ್ಳಾಯಿತು.

ಯಾಕೆ ಸುಳ್ಳಾಯಿತು ಅನ್ನೋದನ್ನ ಆವತ್ತು ಕಾಕಾಗೆ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಕೂ ತಾಲೂಕು ಒಂದೇ ಉಪವಿಭಾಗ. ನಾಕರಲ್ಲೂ ನಮ್ಮ ಕೇರಿಗಳ ಕಥೆ ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಹಿಸ್ಸಾ ಅನ್ನೋ ಶಬ್ದದಿಂದ ಸುರು ಮಾಡೋಣ. ನಮ್ಮ ಹಿರಿಯರು ಇವತ್ತಿಗೂ "ಒಂದು ಕೂರಿಗಿ ಹೊಲ" ಅಂತಾರ. ಅದು ಬಿತ್ತುವವನ ಅಳತೆ. ಎಕರೆ, ಗುಂಟೆ, ಆಣೆ ಬಂದದ್ದು ಸರ್ವೆಯವರ ಸರಪಳಿ ಜೋಡಿ. 33 ಫೂಟಿನ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಮುಂಬಯಿ ಸರಕಾರದ ವಿಂಗೇಟ್, ಗೋಲ್ಡ್‌ಸ್ಮಿಡ್ ಕೂಡಿ ಕಟ್ಟಿದ ಸರ್ವೆ ಪದ್ಧತಿಯ ನಿಯಮಗಳು 1847ರ ವರದಿಯಲ್ಲಿ ಗಟ್ಟಿಯಾದವು. ಆಮೇಲೆ 1879ರ ಮುಂಬಯಿ ಭೂಕಂದಾಯ ಸಂಹಿತೆ ಬಂತು. ಸರ್ವೆ ನಂಬರಿನ ಪಾಲು ಅಂದರೆ ಏನು ಅಂತ ಅದು ವ್ಯಾಖ್ಯೆ ಕೊಟ್ಟಿತು: ಯಾವ ತುಂಡಿನ ಕ್ಷೇತ್ರ ಮತ್ತು ಆಕಾರ ದಾಖಲೆಯಲ್ಲಿ ಬೇರೆಯಾಗಿ, ಮೂಲ ನಂಬರಿನ ಕೆಳಗೆ ಇನ್ನೊಂದು ನಂಬರು ಹಚ್ಚಿ ಬರೆದಿದೆಯೋ ಅದು ಪಾಲು. ಇವತ್ತಿನ 45/1, 45/2 ಎಲ್ಲ ಅಲ್ಲಿಂದ ಬಂದದ್ದು.

ನೋಡಲಿಕ್ಕೆ ಸಾದಾ ಮಾತು. ಆದರೆ ಇದರ ಅರ್ಥ, ಬರೆದಿದ್ದರೆ ಮಾತ್ರ ಪಾಲು. ಮೂರು ತಲೆಮಾರು ಉತ್ತಿ ಬಿತ್ತಿದರೂ ಬರೆಸಿಲ್ಲದಿದ್ದರೆ ಕಾಗದದ ಮೇಲೆ ನೀನು ಆ ಹೊಲದಲ್ಲಿ ಇಲ್ಲ.

ನಮ್ಮ ಕೇರಿಯವರು ಯಾಕೆ ಬರೆಸಲಿಲ್ಲ? ವತನದ ಹೊಲಕ್ಕೆ ಪಾಲುಗಾರ ಒಬ್ಬನಲ್ಲ. ಇಡೀ ಭಾವಕಿ. ಈ ವರ್ಷ ಒಂದು ಮನೆಯವರು ಊರ ಚಾಕರಿ ಮಾಡಿದರೆ ಬರೋ ವರ್ಷ ಇನ್ನೊಂದು ಮನೆ, ಪಾಳಿ ಪ್ರಕಾರ. ಹೊಲದಾಗ ಎಲ್ಲರಿಗೂ ತಕ್ಷೀಮು ಇರತಿತ್ತು, ಆದರೆ ಬಾಯಿಮಾತಿನಲ್ಲಿ. 1874ರ ಮುಂಬಯಿ ವತನ ಕಾಯ್ದೆಯಲ್ಲಿ "ಪ್ರತಿನಿಧಿ ವತನದಾರ" ಅನ್ನೋ ಪದ ಐತಿ. ಚಾಕರಿಗೆ ನಿಲ್ಲೋ ಹಕ್ಕುದಾರನ ಹೆಸರು ಅಂತ ಒಬ್ಬನದೋ ಇಬ್ಬರದೋ ಬರೆದುಕೊಂಡರು. ಉಳಿದ ಹತ್ತು ಮನೆ ಹೆಸರಿಲ್ಲದೆ ಉಳಿದವು. ಮುಂದೆ ಆ ಹೆಸರಿನವನ ಮಕ್ಕಳು ಮಾರಿದಾಗ ಹತ್ತೂ ಮನೆಯ ಹೊಲ ಹೋಯಿತು. ಕೇರಿಯೊಳಗಿನ ಎಷ್ಟೋ ಜಗಳಗಳ ಬೇರು ಇಲ್ಲಿ ಐತಿ. ನಮ್ಮ ನಮ್ಮವರ ಮ್ಯಾಲೆ ಸಿಟ್ಟು ಮಾಡೋ ಮೊದಲು ಇದನ್ನ ನೆನಪಿಡ್ರಿ.

ವತನ ಅಂದರೆ ಮರ್ಯಾದೆ ಅಂತ ತಿಳಿದವರು ಇನ್ನೂ ಇದ್ದಾರೆ. ದೇಸಾಯಿಗೆ, ಗೌಡರಿಗೆ, ಕುಲಕರ್ಣಿಗೆ ಅದು ಮರ್ಯಾದೆಯೇ. ಮುಂಬಯಿ ಸರಕಾರ ಇನಾಮುಗಳನ್ನ ವರ್ಗ ಮಾಡಿ ಇಟ್ಟಿತ್ತು. ಗೌಡ, ಕುಲಕರ್ಣಿ ವತನ 5ನೇ ವರ್ಗ. ನಮ್ಮದು 6ನೇದು. ಅದರಲ್ಲೂ ಸರಕಾರಕ್ಕೆ ಉಪಯೋಗ ಬೀಳುವವರು 6-ಎ, ಊರಿಗೆ ಉಪಯೋಗ ಬೀಳುವವರು 6-ಬಿ. ಮನುಷ್ಯರನ್ನ ಉಪಯೋಗದ ಮೇಲೆ ವಿಂಗಡಿಸಿದ ಲೆಕ್ಕ ಇದು. ಹೊಲಕ್ಕೆ ಜೂಡಿ ಅಂತ ಕಡಿಮೆ ಕಂದಾಯ ಹಾಕಿದರು, ಬದಲಿಗೆ ಹಗಲು ರಾತ್ರಿ ಅನ್ನದ ಚಾಕರಿ: ಟಪಾಲು ಒಯ್ಯೋದು, ಬಂದ ಸಾಹೇಬರ ಗಂಟು ಹೊರೋದು, ಡಂಗುರ ಸಾರೋದು, ಸತ್ತ ದನ ಎಳೆಯೋದು.

ಮತ್ತೆ ಗಡಿ ತೋರಿಸೋದು. ಬದುವಿನ ಜಗಳ ಬಂದರೆ ಕುಳವಾಡಿಯನ್ನ ಕರೀತಿದ್ದರು. ಯಾವ ಕಲ್ಲು ಎಲ್ಲಿತ್ತು, ಯಾವ ಬನ್ನಿಗಿಡದಿಂದ ಎಷ್ಟು ಹೆಜ್ಜೆ ಅನ್ನೋದು ಅವನಿಗೆ ಗೊತ್ತು, ಅವನ ಮಾತೇ ಕೊನೆ. ಊರ ಎಲ್ಲರ ಹೊಲದ ಗಡಿ ಬಾಯಿಪಾಠ ಇದ್ದ ಮನೆತನದ ಸ್ವಂತ ಹೊಲದ ಗಡಿ ಮಾತ್ರ ಯಾವ ಟಿಪ್ಪಣಿಯಲ್ಲೂ ಸರಿಯಾಗಿ ಸಿಗೋದಿಲ್ಲ.

ಕಿತ್ತೂರು ನಾಡಿನಲ್ಲಿ ಚಾಕರಿಗೆ ಕೊಟ್ಟ ಹೊಲದ ಸಲುವಾಗಿ ರಕ್ತ ಹರಿದದ್ದು ಎಲ್ಲರಿಗೂ ಗೊತ್ತು. ಸಂಗೊಳ್ಳಿ ರಾಯಣ್ಣ ಶೇತ್ಸನದಿ. ಶೇತ ಅಂದರೆ ಹೊಲ, ಅದಕ್ಕೊಂದು ಸನದು. ಕಾವಲು ಚಾಕರಿಗೆ ಹೊಲ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಅವನ ಹೊಲವೂ ಜಪ್ತಿ ಆಯಿತು, ಉಳಿದದ್ದಕ್ಕೆ ಕಂದಾಯ ಏರಿತು ಅಂತ ಇತಿಹಾಸ ಹೇಳತೈತಿ. 1831ರಲ್ಲಿ ನಂದಗಡದಲ್ಲಿ ಗಲ್ಲು. ರಾಯಣ್ಣ ನಮ್ಮವನೇ, ಅವನ ಪುತ್ಥಳಿಗೆ ನಾವೂ ಹಾರ ಹಾಕತೇವಿ. ಆದರೆ 6ನೇ ವರ್ಗದವರು ಕಳಕೊಂಡ ಹೊಲಗಳ ಬಗ್ಗೆ ಈ ನಾಕೂ ತಾಲೂಕಿನಾಗ ಒಂದು ಕಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ರಾಮದುರ್ಗದ ಕಡೆಯವರಿಗಂತೂ ಇನ್ನೊಂದು ತೊಡಕು. 1948ರ ವರೆಗೆ ಅದು ಭಾವೆ ಮನೆತನದ ಸಂಸ್ಥಾನ. ಅಲ್ಲಿಯ ಹಳೇ ಕಾಗದ ಸಂಸ್ಥಾನದ ದಫ್ತರದ್ದು, ಕೆಲವು ಮೋಡಿ ಲಿಪಿಯವು. ಓದೋರನ್ನ ಹುಡುಕೋದೇ ಒಂದು ಕೆಲಸ.

ಈ ಎಲ್ಲ ಶಬ್ದಗಳ ಹಿಂದಿನ ಆಟ ಮೊದಲೇ ಕಂಡವರು ಬಾಬಾಸಾಹೇಬರು. ಸಂವಿಧಾನದ ಮಾತು ಎಲ್ಲರೂ ಆಡತೇವಿ, ಅವರು 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಮೇಲೆ ಬರೆದ ಲೇಖನವನ್ನ ನಮ್ಮಲ್ಲಿ ಓದಿದವರು ಕಡಿಮೆ. ಸಣ್ಣ ಹೊಲ ಅಂದ ಕೂಡಲೇ ಕೆಟ್ಟ ಹೊಲ ಅಲ್ಲ. ಎಷ್ಟು ಎಕರೆ ಅನ್ನೋದಕ್ಕಿಂತ ಆ ಹೊಲದ ಮೇಲೆ ಹಾಕಲಿಕ್ಕೆ ಎತ್ತು, ಬಂಡವಾಳ, ದುಡಿಮೆ ಎಷ್ಟಿದೆ ಅನ್ನೋದು ಮುಖ್ಯ. ಹೊಲದ ಮೇಲೆ ಬಿದ್ದ ಮಂದಿಗೆ ಬೇರೆ ಕೆಲಸ ಹುಟ್ಟಿಸದೆ ಬರೇ ತುಂಡು ಕೂಡಿಸಿದರೆ ಉಪಯೋಗ ಇಲ್ಲ. ಅವರ ವಾದದ ಸಾರ ಇದು. 1927ರಲ್ಲಿ ಮುಂಬಯಿ ಶಾಸನ ಸಭೆಗೆ ಸಣ್ಣ ಹಿಡುವಳಿ ಮಸೂದೆ ಬಂದಾಗ ಅವರು ಎದ್ದು ನಿಂತು ವಿರೋಧಿಸಿದರು. ತುಂಡು ತಪ್ಪಿಸತೇವಿ ಅಂತ ಹೇಳಿ ಸಣ್ಣವರನ್ನ ಹೊಲದಿಂದಲೇ ತಪ್ಪಿಸತೀರಿ ಅನ್ನೋದು ಅವರ ಆಕ್ಷೇಪ. ಮರುವರ್ಷ, 1928ರ ಮಾರ್ಚ್ 19ಕ್ಕೆ, ವತನ ಕಾಯ್ದೆಗೆ ತಿದ್ದುಪಡಿ ಮಸೂದೆಯನ್ನ ತಾವೇ ತಂದರು. ಪೂರ್ತಿ ಕಂದಾಯ ಕಟ್ಟತೇವಿ, ಚಾಕರಿ ಬಿಡತೇವಿ, ಹೊಲ ನಮಗಿರಲಿ, ಇಷ್ಟೇ ಬೇಡಿಕೆ. 1929ರಲ್ಲಿ ಅದನ್ನ ಹಿಂದಕ್ಕೆ ತಗೋಬೇಕಾಯಿತು.

ಅವರು ಹೆದರಿದ್ದ ತುಕಡಿ ಕಾಯ್ದೆ 1947ರಲ್ಲಿ ಬಂದೇ ಬಂತು. ಆಗ ಬೆಳಗಾವಿ ಮುಂಬಯಿ ಪ್ರಾಂತದಾಗೇ ಇತ್ತು. ತುಕಡಿ ಅಂದರೆ ಸರಕಾರ ಗೊತ್ತು ಮಾಡಿದ ಪ್ರಮಾಣ ಕ್ಷೇತ್ರಕ್ಕಿಂತ ಸಣ್ಣ ತುಂಡು ಅಂತ ವ್ಯಾಖ್ಯೆ. ಅಂಥದ್ದು ಅಂತ ನೋಟೀಸು ಕೊಟ್ಟ ಹೊಲವನ್ನ ಮಾರುವುದಾದರೆ ಪಕ್ಕದ ಸರ್ವೆ ನಂಬರಿನ ಮಾಲಕನಿಗೆ ಮಾತ್ರ ಮಾರಬೇಕು. ಈಗ ವಿಚಾರ ಮಾಡ್ರಿ. ಪಾಳಿ ಹಂಚಿ ಹಂಚಿ ಇಪ್ಪತ್ತು ಗುಂಟೆಗೆ ಇಳಿದ ಕೇರಿಯವನ ಹೊಲದ ಬದುವಿನ ಆಚೆ ಯಾರು ಇರತಾರ? ಹೆಚ್ಚಿನ ಊರಲ್ಲಿ ದೊಡ್ಡ ಹೊಲದವರೇ. ಕೊಳ್ಳುವವ ಒಬ್ಬನೇ ಆದಾಗ ರೇಟು ಹೇಳುವವನೂ ಅವನೇ. 1966ರಲ್ಲಿ ನಮ್ಮ ರಾಜ್ಯದ್ದೇ ತುಕಡಿ ಕಾಯ್ದೆ ಆಯಿತು, ಮುಂದೆ ಅದೂ ರದ್ದಾಯಿತು. ರದ್ದಾಗೋ ಹೊತ್ತಿಗೆ ಕೂಡಬೇಕಾದ ಹೊಲ ಕೂಡಬೇಕಾದವರಿಗೆ ಕೂಡಿಯಾಗಿತ್ತು.

ಈಗ ಕಾಕಾನ ಕಾಗದಕ್ಕೆ ಬರೋಣ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹಿಂಗಾಗಿ ಮುಂಬಯಿಯವರು ಕೆಳದರ್ಜೆ ವತನ ರದ್ದು ಮಾಡಿದ ಕಾಯ್ದೆ ನಮಗೆ ಹತ್ತಲಿಲ್ಲ. ನಮಗೆ ಬಂದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ, ಜಾರಿ 1963ರ ಫೆಬ್ರುವರಿ 1ರಿಂದ. ಚಾಕರಿ ಹೋಯಿತು, ಹೊಲ ಸರಕಾರಕ್ಕೆ ಸೇರಿತು, ಆಮೇಲೆ ಹಳೇ ವತನದಾರನಿಗೇ ತಿರುಗಿ ಕೊಡಬೇಕು ಅಂತ ಆಯಿತು. ಅದಕ್ಕೆ ಮರುಮಂಜೂರು ಅಂದರು, ನಮ್ಮ ಮಂದಿ ಬಾಯಾಗ ರೀಗ್ರ್ಯಾಂಟ. 1978ರ ಆಗಸ್ಟ್ 7ಕ್ಕೆ ತಿದ್ದುಪಡಿ ತಂದು, ಮನೆಯೊಳಗಿನ ವಾಟ್ನಿ ಬಿಟ್ಟು ಹದಿನೈದು ವರ್ಷ ಮಾರಂಗಿಲ್ಲ ಅಂತ ಮಾಡಿದರು. ಆದರೆ ನಡುವಿನ ಹದಿನೈದು ವರ್ಷ? 1963ರಿಂದ 1978ರ ತನಕ, ಮರುಮಂಜೂರು ಆಗೋ ಮೊದಲೇ ವತನದಾರ ಬರೆದುಕೊಟ್ಟ ಖರೀದಿ ಊರ್ಜಿತ, ಮುಂದೆ ಮರುಮಂಜೂರು ಆದರೆ ಅದರ ಲಾಭ ಕೊಂಡವನಿಗೆ ಅಂತ ಹೈಕೋರ್ಟಿನ ತೀರ್ಪು ಬಂತು. ಕಾಕಾನ ಅಪ್ಪ ಬರೆದುಕೊಟ್ಟದ್ದು 1971ರಲ್ಲಿ. ಮರುಮಂಜೂರು ಆದೇಶ ಬಂದದ್ದು ಅದಾದ ಬಹಳ ವರ್ಷಕ್ಕೆ.

ಇನ್ನು ಪಿಟಿಸಿಎಲ್. ದೇವರಾಜ ಅರಸರ ಸರಕಾರ 1978ರಲ್ಲಿ ಮಾಡಿದ್ದು, 1979ರ ಜನವರಿ 1ರಿಂದ ಜಾರಿ. ಷರತ್ತು ಮುರಿದು ಅದಕ್ಕೂ ಮೊದಲು ಮಾರಿದ್ದರೂ ಹೊಲ ತಿರುಗಿ ಕೊಡಿಸೋ ಶಕ್ತಿ ಅದಕ್ಕಿದೆ. 1984ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಕಾಯ್ದೆ. ತಡವಾಗಿ ಹಾಕಿದ ಅರ್ಜಿ ನಡೆಯೋದಿಲ್ಲ ಅಂತ 2017ರಲ್ಲಿ ಅದೇ ಕೋರ್ಟು ಹೇಳಿದಾಗ ಎಷ್ಟು ಧರಣಿ ಕೂತೆವು. 2023ರಲ್ಲಿ ತಿದ್ದುಪಡಿ ಮಾಡಿಸಿ ಕಾಲಮಿತಿ ತೆಗೆಸಿದೆವು. ಎಲ್ಲಾ ಖರೆ. ಆದರೆ ಆ ಕಾಯ್ದೆಯ 3ನೇ ಕಲಮಿನಲ್ಲಿ "ಮಂಜೂರಾದ ಜಮೀನು" ಅನ್ನೋದರ ವ್ಯಾಖ್ಯೆ ಓದ್ರಿ. ಸರಕಾರ ಕೊಟ್ಟದ್ದು ಸೇರತೈತಿ, ಭೂಸುಧಾರಣೆಯದು ಸೇರತೈತಿ, ಭೂಮಿತಿಯದು ಸೇರತೈತಿ, ಇನಾಂ ರದ್ದತಿಯದು ಸೇರತೈತಿ. ಹಿಂದೇ ಒಂದು ಬಾಲ: ವಂಶಪಾರಂಪರ್ಯ ಹುದ್ದೆ ಅಥವಾ ಹಕ್ಕಿಗೆ ಸಂಬಂಧಿಸಿದ್ದು ಬಿಟ್ಟು. ಅಂದರೆ ವತನ ಬಿಟ್ಟು. ಸರಕಾರಿ ಗಾಯರಾಣದಲ್ಲಿ ಎರಡೆಕರೆ ಸಿಕ್ಕವನಿಗೆ ರಕ್ಷಣೆ ಐತಿ, ನಾಕು ತಲೆಮಾರು ಹೆಣ ಹೊತ್ತು ಹೊಲ ಗಳಿಸಿದವನಿಗೆ ಇಲ್ಲ. ವತನಕ್ಕೆ ಬೇರೆ ಕಾಯ್ದೆ ಐತಲ್ಲ ಅನ್ನೋ ಲೆಕ್ಕದ ಮೇಲೆ ಇದನ್ನ ಹಾಕಿರಬೇಕು ಅಂತ ನನ್ನ ಅಂದಾಜು. ಆ ಬೇರೆ ಕಾಯ್ದೆ 1978ರ ಹಿಂದಿನ ಇಂಥ ಖರೀದಿಗಳನ್ನ ಮುಟ್ಟೋದಿಲ್ಲ, ಅಷ್ಟೇ.

2023ರಲ್ಲಿ ಕಾಲಮಿತಿ ತೆಗೆಸೋ ಹೊತ್ತಿಗೆ ಈ ಬಾಲವನ್ನೂ ಕತ್ತರಿಸ್ರಿ ಅಂತ ನಾವು ಕೇಳಲಿಲ್ಲ. ನಾನಂತೂ ಕೇಳಲಿಲ್ಲ. ಕಲಮು ಪೂರಾ ಓದದೆ ವೇದಿಕೆ ಹತ್ತಿ ಭಾಷಣ ಮಾಡಿದೆ, ನನ್ನ ತಪ್ಪು. ಬರೋ ಅಧಿವೇಶನ ಬೆಳಗಾವಿಯ ಸುವರ್ಣಸೌಧದಲ್ಲಿ ನಡೆದಾಗ ಇದೊಂದೇ ಬೇಡಿಕೆ ಹಿಡಿದು ಹೋಗೋಣ ಅಂತ ಐತಿ. ಬರೋರು ಹೇಳ್ರಿ.

ಹಂಗಂತ ವತನ ಅಂತ ಕಂಡ ಕೂಡಲೇ ಕಾಗದ ಬೀಸಾಡಬ್ಯಾಡ್ರಿ. ಮೊದಲು ಮರುಮಂಜೂರು ಆಗಿ ಆಮೇಲೆ ಖರೀದಿ ಆಗಿದ್ದರೆ, ಮೇಲಧಿಕಾರಿಯ ಪರವಾನಗಿ ತಗೊಂಡಿದ್ದರೋ ಇಲ್ಲೋ ನೋಡಬೇಕು. 1978ರ ಆಗಸ್ಟ್ ನಂತರದ ಖರೀದಿ ಆದರೂ ಬೇರೆ ಮಾತು. ಮರುಮಂಜೂರು ಆದೇಶದ ನಕಲು, ಖರೀದಿ ಪತ್ರ, ಆವತ್ತಿನಿಂದ ಇವತ್ತಿನ ತನಕದ ಫೇರಫಾರು, ಇಷ್ಟು ತೆಗೆಸಿ ತಾರೀಖು ಜೋಡಿಸಿ ವಕೀಲರಿಗೆ ತೋರಸ್ರಿ.

ಇದನ್ನೆಲ್ಲ ನಾನು ಎರಡನೇ ಸಲ ಹೋಗಿ, ಅವರ ಕಟ್ಟೆ ಮೇಲೆ ಕೂತು ಹೇಳಿದೆ. ಕಾಕಾ ಸುಮ್ಮನೆ ಕೇಳಿದರು. "ಹೊಲ ಹೋತಂದ್ರ ಹೋತು ಬಿಡು ತಮ್ಮಾ. ಆ 14 ಗುಂಟೆ ಯಾವುದು ಹಂಗಾರ?" ಅಂದರು. ನಾನು ಖರಾಬು ಅಂತ ಬಿಟ್ಟೇ ಬಿಟ್ಟಿದ್ದೆ. ಉತಾರದ 3ನೇ ಕಾಲಮ್ಮು ಮತ್ತೆ ನೋಡಿದೆ.

ಖರಾಬು ಅಂದರೆ ಕೆಟ್ಟ ಹೊಲ ಅಂತ ನಾವು ತಿಳಕೊಂಡೇವಿ. ನಿಯಮದಲ್ಲಿ ಎರಡು ಜಾತಿ ಐತಿ. ಸರ್ವೆ ಮಾಡುವಾಗ ಸಾಗುವಳಿಗೆ ಬಾರದ್ದು, ಕಣ, ಹೊಲದ ಮನೆ ಇದ್ದದ್ದು ಎ ಖರಾಬು. ಅದು ಹೊಲದ ಮಾಲಕನ ಜೋಡಿ ಹೋಗತೈತಿ. ರಸ್ತೆ, ಕಾಲುದಾರಿ, ಊರವರು ಬಳಸೋ ಹಳ್ಳ, ಸ್ಮಶಾನ ಅಂತ ಸಾರ್ವಜನಿಕರ ಸಲುವಾಗಿ ಬಿಟ್ಟದ್ದು ಬಿ ಖರಾಬು. ಇದನ್ನ ಯಾರೂ ಮಾರಂಗಿಲ್ಲ, ಕೊಳ್ಳಂಗಿಲ್ಲ. ಕಾಕಾನ 14 ಗುಂಟೆ ಬಿ ಖರಾಬು. ಅದು ಅವರ ಕೇರಿಯ ಮಣ್ಣು ಮಾಡೋ ಜಾಗ. ಅವರ ಅಪ್ಪನೂ ಅವ್ವನೂ ಅಲ್ಲೇ ಇದ್ದಾರೆ. ಈಗ ಸುತ್ತಲಿನ ಹೊಲ ಎನ್‌ಎ ಮಾಡಿಸಿ ಪ್ಲಾಟ್ ಹಾಕತಾರಂತ ಊರಾಗ ಮಾತು ಐತಿ, ಟ್ರ್ಯಾಕ್ಟರ್ ಗೆರೆ ಸಮಾಧಿ ಕಲ್ಲಿನ ತನಕ ಬಂದೈತಿ.

ಅವತ್ತೇ ಕೂತು ತಹಶೀಲ್ದಾರರಿಗೆ ಅರ್ಜಿ ಬರೆದೆವು. 14 ಗುಂಟೆ ಬಿ ಖರಾಬು ಅಳೆದು ಹದ್ದುಬಸ್ತು ಮಾಡಿ ಕಲ್ಲು ನೆಡಿಸಬೇಕು ಅಂತ. ಕೇರಿಯ 41 ಮಂದಿ ಸಹಿ, ಹೆಬ್ಬೆಟ್ಟು. ಮೋಜಣಿದಾರರು ಬರೋ ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕತೇನಿ. ಆವತ್ತು ಗಡಿ ತೋರಸಲಿಕ್ಕೆ ಕಾಕಾ ತಾವೇ ನಿಂದರತಾರಂತ. ಹಳೇ ಕಲ್ಲು ಎಲ್ಲಿತ್ತು ಅನ್ನೋದು ಅವರಿಗೆ ಗೊತ್ತೈತಿ.