ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ

ಕಳೆದ ಬೇಸಿಗೆಯಲ್ಲಿ ಮಾನ್ವಿ ತಾಲೂಕಿನ ಹಳ್ಳಿಯೊಂದರಿಂದ ರೈತರೊಬ್ಬರು ರಾಯಚೂರಿನ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆಗಳಲ್ಲಿ ಹರಿದ ಹಳದಿ ಕಾಗದ. ಅಣ್ಣ ತಮ್ಮಂದಿರ ನಡುವೆ ಹೊಲದ ಪಾಲಿನ ಮಾತು ನಡೆದಿತ್ತು. ಹಳೆಯ ಕಾಗದ ಉರ್ದುವಿನಲ್ಲಿತ್ತು, ಊರಿನಲ್ಲಿ ಅದನ್ನು ಓದುವವರು ಯಾರೂ ಉಳಿದಿರಲಿಲ್ಲ. "ಇದ್ರಾಗ ಏನ್ ಬರ್ದಾರ ಒಂದೀಟು ನೋಡ್ರಿ ಸರ" ಎಂದರು.

ನಿಜಾಮರ ಕಾಲದ ಕಂದಾಯದ ಕಾಗದ ಓದುವುದು ಪುಸ್ತಕ ಓದಿದಷ್ಟು ಸುಲಭವಲ್ಲ. ಅದು 'ಶಿಕಸ್ತಾ' ಎಂಬ ಮುರುಕು ಬರಹ. ಬರೆಯುವವನು ಅವಸರದಲ್ಲಿ ಚುಕ್ಕೆಗಳನ್ನು ಬಿಟ್ಟು, ಬಿಡಿಸಿ ಬರೆಯಬೇಕಾದ ಅಕ್ಷರಗಳನ್ನೂ ಒಂದಕ್ಕೊಂದು ಕೂಡಿಸಿ ಓಡಿರುತ್ತಾನೆ. ಒಂದು ಗಂಟೆ ತಿಣುಕಿದ ಮೇಲೆ ತಾರೀಖು ಸಿಕ್ಕಿತು: 1345 ಫಸಲಿ, ಅಂದರೆ ಕ್ರಿ.ಶ. 1935-36. ಕೆಳಗೊಂದು ಸಹಿ. ಅದು ಆ ರೈತರ ಅಜ್ಜನದು. ಹೆಸರಿನ ಪಕ್ಕದಲ್ಲಿ 'ಬಕಲಮ್ ಖುದ್' ಎಂದಿತ್ತು. ತನ್ನ ಕೈಯಾರೆ ಬರೆದದ್ದು ಎಂದರ್ಥ.

ಅವರು ನಂಬಲಿಲ್ಲ. "ನಮ್ಮ ಮುತ್ಯಾ ಉರ್ದು ಬರೀತಿದ್ದನೇನ್ರಿ? ನಾವು ಲಿಂಗಾಯತ್ರಲ್ಲೇನ್ರಿ!"

ಅವರ ಬೆರಗು ನಮ್ಮನ್ನು ನಮ್ಮದೇ ಶಾಲೆಯ ದಿನಗಳಿಗೆ ಕರೆದೊಯ್ಯಿತು. ಒಂದು ಲಿಪಿ ಒಂದು ಧರ್ಮದವರ ಸೊತ್ತು ಎಂದು ನಂಬುವುದು ಈಗ ಎಷ್ಟು ಸಲೀಸಾಗಿದೆ! ನಮ್ಮ ಕಡೆಯ ಶಾಲೆಗಳ ಚರಿತ್ರೆ ಹೇಳುವುದೇ ಬೇರೆ.

ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿ, ನ್ಯಾಯಾಲಯ, ಪೊಲೀಸ್ ಠಾಣೆ ಎಲ್ಲದರ ಭಾಷೆಯೂ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯವನ್ನೂ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿಕೊಟ್ಟ ಹೆಮ್ಮೆಯ ಸಾಹಸವದು. ಆದರೆ ಅದೇ ಹೆಮ್ಮೆ ಕನ್ನಡದ, ತೆಲುಗಿನ, ಮರಾಠಿಯ ಮಕ್ಕಳಿಗೆ ಹೊರೆಯಾಯಿತೆಂಬುದನ್ನೂ ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಒಂದಿಷ್ಟು ಜಾಗವಿದ್ದರೂ ಮೇಲೆ ಹೋಗಬೇಕಾದರೆ ಉರ್ದು ಬಿಟ್ಟರೆ ಗತಿಯಿರಲಿಲ್ಲ. ಖಾಸಗಿಯಾಗಿ ಶಾಲೆ ತೆರೆಯಲು ಸರಕಾರದ ಪರವಾನಗಿ ಬೇಕಿತ್ತು, ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಆಡುವ ಮಾತು ಶಾಲೆಯ ಹೊಸ್ತಿಲಲ್ಲೇ ನಿಲ್ಲುತ್ತಿತ್ತು.

ಆ ಬಿಗಿಯ ನಡುವೆಯೂ ಕೆಲವರು ದಾರಿ ಹುಡುಕಿದರು. ಮಂಗಳೂರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ವೈದ್ಯಕೀಯ ಓದಿದ ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಒಂದು ರಾಷ್ಟ್ರೀಯ ಶಾಲೆ ಕಟ್ಟಿದರು. ಅದಕ್ಕೆ ಅವರು ಇಟ್ಟ ಹೆಸರು 'ಹಮ್‌ದರ್ದ್'. ನೋವಿನಲ್ಲಿ ಜೊತೆಯಾಗುವವನು ಎಂಬುದು ಆ ಮಾತಿನ ಅರ್ಥ. ಕನ್ನಡದ ಮಕ್ಕಳಿಗಾಗಿ ಮಿಡಿದವರು ತಮ್ಮ ಶಾಲೆಗೆ ಉರ್ದು ಹೆಸರಿಡಲು ಹಿಂಜರಿಯಲಿಲ್ಲ. ಆಳುವವರ ಧೋರಣೆ ಬೇರೆ, ಭಾಷೆ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಉರ್ದು ಶಾಲೆಗಳಲ್ಲಿ ಕಲಿತ ಕನ್ನಡದ ಮಕ್ಕಳೂ ಅದನ್ನು ಬರೀ ಹೊರೆಯಾಗಿ ಉಳಿಸಿಕೊಳ್ಳಲಿಲ್ಲ. ಉಸ್ಮಾನಿಯಾದಲ್ಲಿ ಓದಿದ ಸಿದ್ದಯ್ಯ ಪುರಾಣಿಕರು 'ಕಾವ್ಯಾನಂದ'ರಾಗಿ ಕನ್ನಡ ಕಾವ್ಯಕ್ಕೆ ದುಡಿದರು. ರಾಯಚೂರು ಜಿಲ್ಲೆಯವರೇ ಆದ ಶಾಂತರಸರು ಕನ್ನಡಕ್ಕೆ ಗಜಲ್ ತಂದವರಲ್ಲಿ ಮೊದಲಿಗರು. 2006ರಲ್ಲಿ ಬೀದರ್‌ನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಒತ್ತಾಯದಿಂದ ಬಂದ ಭಾಷೆಯಿಂದಲೂ ಒಲವಿನ ಫಲ ತೆಗೆದವರು ಇವರು.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ರಜಾಕಾರರ ಹಾವಳಿ, ಅದರ ಬೆನ್ನಿಗೇ ನಡೆದ ಮುಸ್ಲಿಮರ ಕಗ್ಗೊಲೆ, ಎರಡರ ಗಾಯವನ್ನೂ ಈ ನೆಲ ಉಂಡಿದೆ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ನಮ್ಮ ದಾದಾ ನ್ಯಾಯಾಲಯದಲ್ಲಿ ದಸ್ತಾವೇಜುಗಳ ನಕಲು ಬರೆಯುತ್ತಿದ್ದವರು. ಮುತ್ತಿನಂಥ ಉರ್ದು ಅಕ್ಷರ ಅವರದು. ಕಚೇರಿಯ ಭಾಷೆ ಬದಲಾದಾಗ ಆ ಅಕ್ಷರಕ್ಕೆ ಬೆಲೆಯಿಲ್ಲದಾಯಿತು. ಕೊನೆಗಾಲದಲ್ಲಿ ಅವರು ಮದುವೆಯ ಆಮಂತ್ರಣಗಳನ್ನು ಬರೆದುಕೊಡುತ್ತಾ ಕುಳಿತಿರುತ್ತಿದ್ದರಂತೆ. ಮೊದಲು ಕನ್ನಡದ ಮನೆಗಳು ಅನುಭವಿಸಿದ್ದನ್ನು ಈಗ ನಮ್ಮ ಮನೆ ಅನುಭವಿಸಿತು.

ಇಷ್ಟೆಲ್ಲ ಆದ ಮೇಲೆ, 1986ರಲ್ಲಿ, ನಾವು ಪಾಟಿಚೀಲ ಹೆಗಲಿಗೇರಿಸಿ ಸರಕಾರಿ ಉರ್ದು ಪ್ರಾಥಮಿಕ ಶಾಲೆಗೆ ಹೋದೆವು. ಶಹಾಬಾದ್ ಕಲ್ಲಿನ ನೆಲ, ಅದರ ಮೇಲೆ ಗೋಣಿತಟ್ಟು. ಬೇಸಿಗೆಯಲ್ಲಿ ಆ ಕಲ್ಲು ಹೆಂಚಿನಂತೆ ಕಾಯುತ್ತಿತ್ತು. ಬೆಳಿಗ್ಗೆ ಇಕ್ಬಾಲರು 1902ರಲ್ಲಿ ಮಕ್ಕಳಿಗಾಗಿ ಬರೆದ ಪ್ರಾರ್ಥನೆ, ಅದರ ಹಿಂದೆಯೇ ಜನಗಣಮನ. ಶುಕ್ರವಾರ ಜುಮಾ ನಮಾಝಿಗೆಂದು ಬೇಗ ಬಿಡುತ್ತಿದ್ದರು. ನಮಾಝಿಗಿಂತ ಆ ಬೇಗ ಬಿಡುವುದರ ಮೇಲೆಯೇ ನಮಗೆಲ್ಲ ಹೆಚ್ಚು ಪ್ರೀತಿ ಎಂಬುದನ್ನು ಈಗ ಒಪ್ಪಿಕೊಳ್ಳಬಹುದು. ಒಂದು ವರ್ಷವಂತೂ ಗಣಿತದ ಪುಸ್ತಕ ದಸರಾ ರಜೆ ಮುಗಿದ ಮೇಲೆ ಬಂತು. ಅಲ್ಲಿಯವರೆಗೆ ಮಾಸ್ಟರ್ ಸಾಬ್ ಹಿಂದಿನ ವರ್ಷದವರ ಒಂದೇ ಒಂದು ಪುಸ್ತಕ ಹಿಡಿದು ಕರಿಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದರು. ನಾವು ನಲವತ್ತು ಮಂದಿ ಅದನ್ನು ಪಾಟಿಗೆ ಇಳಿಸಿಕೊಳ್ಳುತ್ತಿದ್ದೆವು.

ಮೂರನೆಯ ತರಗತಿಯಲ್ಲಿ ಕನ್ನಡ ಬಂತು. ಅಲ್ಲಿಯವರೆಗೆ ಬಲದಿಂದ ಎಡಕ್ಕೆ ಓಡಿದ ಕೈ ಈಗ ಎಡದಿಂದ ಬಲಕ್ಕೆ ಹೋಗಬೇಕಾಯಿತು. ಉರ್ದುವಿನ ಅಕ್ಷರಗಳು ಕೈ ಕೈ ಹಿಡಿದು ನಡೆಯುವ ಮಕ್ಕಳಂತೆ. ಕನ್ನಡದ ಅಕ್ಷರಗಳೋ ಒಂದೊಂದೂ ದುಂಡಗೆ, ತಲೆಕಟ್ಟು ಕಟ್ಟಿಕೊಂಡು ಪ್ರತ್ಯೇಕ ನಿಂತ ಹಿರಿಯರಂತೆ. ಲಿಪಿಯಾದರೂ ಹೇಗೋ ಬಂತು, ನಾಲಿಗೆ ಮಾತ್ರ ಹಟ ಹಿಡಿಯಿತು. ಮನೆಯಲ್ಲಿ ಆಡುವ ದಖ್ಖನಿಯಲ್ಲಿ 'ಳ' ಇಲ್ಲ, 'ಣ' ಇಲ್ಲ.

ಈ ಕೊರತೆ ಬಯಲಾದದ್ದು 1993ರಲ್ಲಿ. ಏಳನೆಯ ತರಗತಿ ಮುಗಿದಾಗ, ಗಂಜ್‌ನ ಅಡತ್ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಬ್ಬಾ ನಮ್ಮನ್ನು ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಸೇರಿಸಿದರು. "ಅರ್ಜಿ ಬರೆಯಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬಾರದು" ಎಂಬುದಷ್ಟೇ ಅವರ ಕಾರಣ. ದಾದಾ ಸೋತ ಪಾಠವನ್ನು ಅಬ್ಬಾ ಮರೆತಿರಲಿಲ್ಲ. ತರಗತಿಯಲ್ಲಿ ಉರ್ದು ಶಾಲೆಯಿಂದ ಬಂದವರು ಮೂವರೇ. ಮೊದಲ ಪ್ರಬಂಧದಲ್ಲೇ ನಾವು 'ಭಾರತವು ಹಲ್ಲಿಗಳ ದೇಶ' ಎಂದು ಬರೆದೆವು. ಕನ್ನಡದ ಗುರುಗಳು ಅದನ್ನು ಗಟ್ಟಿಯಾಗಿ ಓದಿದರು. ತರಗತಿಗೆ ತರಗತಿಯೇ ನಕ್ಕಿತು. ಗುರುಗಳೂ ನಕ್ಕರು. ಆಮೇಲೆ ಒಂದು ವಾರ, ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಮೂವರನ್ನೂ ಬೇವಿನ ಮರದ ಕೆಳಗೆ ಕೂರಿಸಿಕೊಂಡು, ನಾಲಿಗೆಯ ತುದಿ ಮಡಿಚಿ 'ಹಳ್ಳಿ', 'ಬಾಳೆಹಣ್ಣು', 'ಕಣ್ಣು' ಹೇಳಿಸಿದರು. ಇವತ್ತು ಕನ್ನಡದಲ್ಲಿ ಕಥೆ ಬರೆಯುವ ನಮ್ಮ ಕಸುಬು ಶುರುವಾದದ್ದು ಆ ಬೇವಿನ ನೆರಳಲ್ಲಿ.

ಮರುವರ್ಷ, 1994ರ ಅಕ್ಟೋಬರ್‌ನಲ್ಲಿ, ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭಿಸಿತು. ವಿರೋಧ ಎದ್ದಿತು, ಅದು ಗಲಭೆಯಾಯಿತು. ಬೆಂಗಳೂರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ವಾರ್ತೆ ನಿಂತಿತು. ರಾಯಚೂರಿನಲ್ಲಿದ್ದ ನಮಗೆ ಅದು ಪತ್ರಿಕೆಯ ಸುದ್ದಿ. ಆದರೂ ತರಗತಿಯಲ್ಲಿ ಏನೋ ಬದಲಾಗಿತ್ತು. ನಾವು ಮೂವರು ಒಂದೇ ಬೆಂಚಿಗೆ ಸರಿದೆವು. ಬೇರೆಯವರೂ ನಮ್ಮ ಪಕ್ಕ ಕೂರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಭಾರವಾಗಿತ್ತು.

ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಕನ್ನಡದ ಗುರುಗಳು ಅಂದು ತರಗತಿಗೆ ಬಂದವರೇ ಸೀಮೆಸುಣ್ಣ ತೆಗೆದುಕೊಂಡು, ಹಲಗೆಯ ಬಲತುದಿಯಿಂದ ಒಂದು ಸಾಲು ಉರ್ದು ಬರೆದರು. "ಯಾರು ಓದ್ತೀರಿ?" ಎಂದು ಕೇಳಿದರು. ನಾವು ಎದ್ದು ಓದಿದೆವು. ಅದು ಅವರದೇ ಹೆಸರು, ಅವರ ತಂದೆಯ ಹೆಸರು, ಅವರ ಹಳ್ಳಿಯ ಹೆಸರು. ಇಡೀ ತರಗತಿ ಬಾಯಿ ತೆರೆದು ನೋಡಿತು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸದಾ ವಚನ, ಇಂಥವರಿಗೆ ಉರ್ದು ಹೇಗೆ ಬಂತು?

"ನಾ ಸಣ್ಣಾವಿದ್ದಾಗ ನಿಜಾಮರ ಸಾಲಿ" ಎಂದರು. "ಝಮೀನ್ ಅನ್ನಾಕ ನನ್ನ ನಾಲಿಗಿ ಹೊರಳತಿದ್ದಿಲ್ಲ. ಜಮೀನು, ಜಮೀನು ಅಂತಿದ್ದೆ. ಅದಕ್ಕ ಛಡಿ ಏಟು ತಿಂದೀನಿ. ಈ ತಮ್ಮ ಹಳ್ಳಿನ ಹಲ್ಲಿ ಮಾಡಿದಾಗ ನೀವೆಲ್ಲ ನಕ್ರಿ. ನಾನೂ ನಕ್ಕೆ. ಖರೆ, ಹೊಡೀಲಿಲ್ಲ. ಹೊಡಿಸಿಕೊಂಡವಗ ಗೊತ್ತಿರತೈತಿ." ಇಷ್ಟು ಹೇಳಿ ಹಲಗೆ ಒರೆಸಿ ಅಂದಿನ ಪಾಠಕ್ಕೆ ಹೋದರು.

ಬಿಡುವಿನ ಹೊತ್ತಿಗೆ ಹುಡುಗನೊಬ್ಬ ನೋಟುಬುಕ್ಕು ತಂದು, "ನನ್ ಹೆಸರು ಉರ್ದುದಾಗ ಬರಿಯಲೇ" ಎಂದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಮರುದಿನ ಬೆಂಚು ಮೊದಲಿನಂತಾಯಿತು. ಗುರುಗಳು ಸೌಹಾರ್ದದ ಭಾಷಣ ಮಾಡಿರಲಿಲ್ಲ. ತಾವು ಉಂಡ ನೋವನ್ನು ಎದುರಿಗಿದ್ದ ಮಕ್ಕಳ ಮೇಲೆ ತೀರಿಸಿಕೊಳ್ಳಲಿಲ್ಲ, ಅಷ್ಟೇ. ಹಮ್‌ದರ್ದ್ ಎಂಬ ಮಾತಿನ ಅರ್ಥ ನಮಗೆ ತಿಳಿದದ್ದು ನಿಘಂಟಿನಿಂದಲ್ಲ.

ಮುಸ್ಲಿಮರ ಮನೆಗಳಿಂದ ಹೊರಟು ಕನ್ನಡ ಶಾಲೆಯ ಬಾಗಿಲು ದಾಟಿದವರು ನಾವೇ ಮೊದಲಲ್ಲ. ಸಾರಾ ಅಬೂಬಕ್ಕರ್ ಕಾಸರಗೋಡಿನಲ್ಲಿ ಕನ್ನಡ ಕಲಿತರು. ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟರಾಗಿದ್ದೂ ಕನ್ನಡದ 'ನಿತ್ಯೋತ್ಸವ'ದ ಕವಿಯಾದರು. ಎಂಟು ವರ್ಷದ ಬಾಲಕಿಯಾಗಿ ಶಿವಮೊಗ್ಗದಲ್ಲಿ ಕನ್ನಡ ಶಾಲೆ ಸೇರಿದ ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅತ್ತ ಶಾಂತರಸರು ಬಲದಿಂದ ಎಡಕ್ಕೆ ಓದಿ ಕನ್ನಡಕ್ಕೆ ಮರಳಿದರೆ, ಇತ್ತ ಇವರು ಎಡದಿಂದ ಬಲಕ್ಕೆ ಬರೆದು ಕನ್ನಡದಲ್ಲೇ ಮನೆ ಕಟ್ಟಿದರು. ಇಬ್ಬರೂ ನಡೆದದ್ದು ಒಂದೇ ಸೇತುವೆಯ ಮೇಲೆ.

ಆ ಸೇತುವೆಯ ಈಗಿನ ಸ್ಥಿತಿ ಹೇಳಲು ನಮಗೆ ನಾಚಿಕೆಯಾಗುತ್ತದೆ. 1994ರಲ್ಲಿ ರಾಜ್ಯ ಸರಕಾರ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ ನೀತಿ ತಂದಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಮಾಧ್ಯಮದ ಆಯ್ಕೆ ಪೋಷಕರಿಗೆ ಸೇರಿದ್ದೆಂದಿತು. ಸಭೆಗಳಲ್ಲಿ ಮಾತೃಭಾಷೆಯ ಪರ ಮಾತಾಡಿದ ನಾವು ಆ ಆಯ್ಕೆ ನಮ್ಮ ಮನೆಯ ಬಾಗಿಲಿಗೆ ಬಂದಾಗ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು. ಈಗ ಅವಳು ಆರನೆಯ ತರಗತಿ. ಕನ್ನಡ ಮಾತಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ಕುರ್‌ಆನ್ ಓದಲು ಕಲಿತಿರುವುದರಿಂದ ಉರ್ದು ಅಕ್ಷರಗಳ ಗುರುತಿದೆ, ಆದರೆ ತನ್ನ ದಾದಿ ಬರೆದಿಟ್ಟ ಪತ್ರಗಳ ಅರ್ಥ ತಿಳಿಯದು. ಕಾರಣ ಕೇಳಿದರೆ ನಾವು ಹೇಳುವುದು ಆ ರೈತರ ಮುತ್ಯಾ ಉರ್ದು ಕಲಿತಾಗ ಹೇಳಿರಬಹುದಾದ, ಅಬ್ಬಾ ನಮ್ಮನ್ನು ಕನ್ನಡ ಶಾಲೆಗೆ ಸೇರಿಸಿದಾಗ ಹೇಳಿದ ಅದೇ ಕಾರಣ: ಹೊಟ್ಟೆಪಾಡು. ವ್ಯತ್ಯಾಸ ಒಂದೇ. ಅವರು ಹೊಸದನ್ನು ಕಲಿಯುವಾಗ ನೆರೆಯವನ ಭಾಷೆ ಕಲಿತರು. ನಮ್ಮ ಮಕ್ಕಳು ತಮ್ಮದನ್ನೂ ನೆರೆಯವರದನ್ನೂ ಒಟ್ಟಿಗೇ ಬಿಡುತ್ತಿದ್ದಾರೆ. ಇಂಗ್ಲಿಷ್ ಬೇಡವೆಂದು ನಾವು ಹೇಳಲಾರೆವು. ಆದರೆ ದಿನಕ್ಕೆ ಅರ್ಧ ಗಂಟೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇವಿನ ಮರದ ಕೆಳಗಿನ ಆ ಪಾಠ ಮಾಡಲು ಯಾವ ಸರಕಾರದ ಆದೇಶವೂ ಬೇಕಿರಲಿಲ್ಲ. ನಾವು ಮಾಡಲಿಲ್ಲ.

ಅಂದು ರೈತರಿಗೆ ಕಾಗದದ ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಟ್ಟೆವು. ಹೊರಡುವ ಮುನ್ನ ಅವರು, "ಮುತ್ಯಾನ ಹೆಸರು ಎಲ್ಲೈತಿ, ಇನ್ನೊಮ್ಮೆ ತೋರಸ್ರಿ" ಎಂದರು. ತೋರಿಸಿದೆವು. ಅವರು ತೋರುಬೆರಳನ್ನು ಆ ಸಹಿಯ ಮೇಲೆ ಮೆಲ್ಲಗೆ ಎಳೆದರು, ಎಡದಿಂದ ಬಲಕ್ಕೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಹತ್ತಿರ ಬಂದಳು. "ಅಂಕಲ್, ಆ ಕಡೆಯಿಂದ ಅಲ್ಲ" ಎಂದು ಅವರ ಬೆರಳನ್ನು ಹಿಡಿದು ಬಲತುದಿಗೆ ತಂದಿಟ್ಟಳು. "ಇಲ್ಲಿಂದ ಶುರು."